ಸಹಿ ಹಾಕಿದ ಸಮರ್ಪಣೆ: ಬಿಲ್ ಮತ್ತು ವೋನೆಟ್ ಬ್ರೈಟ್ ದಂಪತಿಯ ಕಾಲೇಜು ಸೇವೆ

ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಸಂತ ಪೌಲರು ಕೊರಿಂಥ ಪಟ್ಟಣದಲ್ಲಿ ಗುಡಾರ ಮಾಡುವ ಕಸುಬಿನ ದಂಪತಿಯೊಬ್ಬರ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ಈ ದಂಪತಿ ಮುಂದೆ ಎಫೆಸದಲ್ಲಿ ಅಪೊಲ್ಲೋ ಎಂಬ ವಿದ್ವಾಂಸನನ್ನು ಬಳಿಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಡುತ್ತಾರೆ. ಪಂಡಿತನಿಗೆ ಪಾಠ ಹೇಳಿದವರು ಕೈಕಸುಬಿನವರು ಎಂಬುದನ್ನು ಲೂಕನು ವಿಸ್ಮಯವೇನನ್ನೂ ತೋರದೆ ಬರೆದುಬಿಡುತ್ತಾನೆ. ಗುರುಮಠದಲ್ಲಿ ದೈವಶಾಸ್ತ್ರವನ್ನು ಬೋಧಿಸುವ ನಾವು ಈ ವಾಕ್ಯಗಳನ್ನು ಸಾಮಾನ್ಯವಾಗಿ ಬೇಗನೆ ದಾಟಿ ಹೋಗುತ್ತೇವೆ.

ಇಪ್ಪತ್ತನೆಯ ಶತಮಾನದಲ್ಲಿ ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆದ ಅತ್ಯಂತ ವ್ಯಾಪಕವಾದ ಸೇವೆಗಳಲ್ಲೊಂದು ಇಂತಹ ದಂಪತಿಯಿಂದಲೇ ಆರಂಭವಾಯಿತು. ಅಮೆರಿಕೆಯ ಬಿಲ್ ಬ್ರೈಟ್ ಮತ್ತು ವೋನೆಟ್ ಬ್ರೈಟ್ 1951ರಲ್ಲಿ ಸ್ಥಾಪಿಸಿದ 'ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್' ಇಂದು ಅಮೆರಿಕೆಯಲ್ಲಿ 'ಕ್ರೂ' ಎಂಬ ಹೆಸರಿನಲ್ಲಿ ಮುಂದುವರಿಯುತ್ತಿದೆ. ಅವರು ಪ್ರೊಟೆಸ್ಟೆಂಟ್ ಸುವಾರ್ತಾ ಪರಂಪರೆಗೆ ಸೇರಿದವರು; ದೈವಶಾಸ್ತ್ರದ ಪದವಿಯನ್ನು ಇಬ್ಬರೂ ಪಡೆದಿರಲಿಲ್ಲ. ಕಥೋಲಿಕ ಗುರು ಅಭ್ಯರ್ಥಿಗಳು ಇವರ ಜೀವನವನ್ನು ಏಕೆ ಅರಿಯಬೇಕು ಎಂದು ಕೇಳಬಹುದು. ಕಾಲೇಜು ಯುವಜನರ ಪಾಲನಾ ಸೇವೆಗೆ ನೇಮಕಗೊಳ್ಳುವ ಯಾವ ಗುರುವಿಗಾದರೂ ಇವರ ವಿಧಾನ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಕನ್ನಡಕ್ಕೆ ಧ್ವನಿ ಅಳವಡಿಸಿದ 'ಯೇಸು' ಚಲನಚಿತ್ರವನ್ನು ನಮ್ಮ ಓದುಗರಲ್ಲಿ ಹಲವರು ಊರಿನ ಬಯಲಿನಲ್ಲಿ ಬಿಳಿ ಪರದೆಯ ಮೇಲೆ ನೋಡಿರಬಹುದು. ಲೂಕನ ಶುಭಸಂದೇಶವನ್ನು ಆಧರಿಸಿ 1979ರಲ್ಲಿ ತೆರೆಕಂಡ ಆ ಚಿತ್ರ ಬಿಲ್ ಬ್ರೈಟ್ ಅವರ ಬಹುಕಾಲದ ಕನಸಾಗಿತ್ತು.

ಇಬ್ಬರೂ ಒಕ್ಲಹೋಮ ರಾಜ್ಯದ ಕೊವೀಟ ಎಂಬ ಸಣ್ಣ ಊರಿನವರು. 1921ರಲ್ಲಿ ಜನಿಸಿದ ಬಿಲ್, ಯೌವನದಲ್ಲಿ ಲಾಸ್ ಏಂಜಲೀಸಿಗೆ ಹೋಗಿ ಮಿಠಾಯಿ ವ್ಯಾಪಾರ ಆರಂಭಿಸಿದರು. ಹಣ ಮತ್ತು ಹೆಸರು ಗಳಿಸುವುದೇ ಆಗ ಅವರ ಗುರಿಯಾಗಿತ್ತು. ಹಾಲಿವುಡ್ಡಿನ ಫಸ್ಟ್ ಪ್ರೆಸ್ಬಿಟೇರಿಯನ್ ದೇವಾಲಯದಲ್ಲಿ ಕ್ರೈಸ್ತ ಶಿಕ್ಷಣದ ಹೊಣೆ ಹೊತ್ತಿದ್ದ ಹೆನ್ರಿಯೆಟ್ಟಾ ಮಿಯರ್ಸ್ ಎಂಬ ಅವಿವಾಹಿತ ಮಹಿಳೆಯ ಬೋಧನೆ ಅವರನ್ನು ತಿರುಗಿಸಿತು. ಅವರು ಮೊದಲು ಪ್ರಿನ್ಸ್‌ಟನ್ ಗುರುಮಠದಲ್ಲಿ, ಬಳಿಕ ಹೊಸದಾಗಿ ತೆರೆದಿದ್ದ ಫುಲ್ಲರ್ ಗುರುಮಠದಲ್ಲಿ ವ್ಯಾಸಂಗ ಮಾಡಿದರು.

ವೋನೆಟ್ ಜಕಾರಿ ಜನಿಸಿದ್ದು 1926ರಲ್ಲಿ. ಓದಿದ್ದು ಟೆಕ್ಸಸ್‌ನಲ್ಲಿ, ಗೃಹವಿಜ್ಞಾನ. ಬಿಲ್ ಅವರೊಡನೆ ನಿಶ್ಚಿತಾರ್ಥವಾಗಿದ್ದರೂ, ಅವರು ಧರ್ಮದ ಹುಚ್ಚು ಹಿಡಿಸಿಕೊಂಡಿದ್ದಾರೆಂಬ ಅಳುಕು ಆಕೆಗಿತ್ತು. 1948ರಲ್ಲಿ ಕ್ಯಾಲಿಫೋರ್ನಿಯಾದ ಫಾರೆಸ್ಟ್ ಹೋಮ್ ಎಂಬಲ್ಲಿ ನಡೆದ ಯುವಜನರ ಶಿಬಿರಕ್ಕೆ ಬಂದಾಗ, ಅವರನ್ನು ಆ ಹುಚ್ಚಿನಿಂದ ಬಿಡಿಸಬೇಕು, ಆಗದಿದ್ದರೆ ಉಂಗುರವನ್ನು ಹಿಂದಿರುಗಿಸಬೇಕು ಎಂಬ ಆಲೋಚನೆ ಆಕೆಯಲ್ಲಿತ್ತು. ಅಲ್ಲಿ ಮಿಯರ್ಸ್ ಆಕೆಯೊಡನೆ ಏಕಾಂತದಲ್ಲಿ ಮಾತನಾಡಿದರು. ಮಿಯರ್ಸ್ ಹಿಂದೆ ರಸಾಯನಶಾಸ್ತ್ರದ ಅಧ್ಯಾಪಕಿ; ವೋನೆಟ್ ಕೂಡ ಆ ವಿಷಯವನ್ನು ಓದಿದ್ದವರು. ಪ್ರಯೋಗಶಾಲೆಯ ಭಾಷೆಯಲ್ಲೇ ವಿಶ್ವಾಸದ ಮಾತು ನಡೆಯಿತು: ನಿಯಮವನ್ನು ಪರೀಕ್ಷಿಸಿ ನೋಡುವಂತೆ ದೇವರ ವಾಗ್ದಾನವನ್ನೂ ಪರೀಕ್ಷಿಸಿ ನೋಡು, ಎಂಬರ್ಥದಲ್ಲಿ. ಉಂಗುರ ಬೆರಳಿನಲ್ಲೇ ಉಳಿಯಿತು. ಅದೇ ವರ್ಷದ ಡಿಸೆಂಬರ್ 30ರಂದು ಮದುವೆ ನಡೆಯಿತು. ಕೇಳುವವರ ವಿದ್ಯೆಯ ಭಾಷೆಯಿಂದಲೇ ಮಾತನ್ನು ಆರಂಭಿಸಿದ ಈ ಕ್ರಮವನ್ನು ವಿಜ್ಞಾನ ಮತ್ತು ತಂತ್ರಜ್ಞಾನ ಓದುವ ವಿದ್ಯಾರ್ಥಿಗಳ ನಡುವೆ ಇರುವ ಗುರುಗಳು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಅಭಿಪ್ರಾಯ.

1951ರಲ್ಲಿ ಮನೆಯಲ್ಲೇ ನಡೆದ ಒಂದು ಘಟನೆಯ ಮೇಲೆ ಇವರ ಮುಂದಿನ ಬದುಕೆಲ್ಲ ನಿಂತಿದೆ. ಬದುಕಿನಲ್ಲಿ ತಮಗೆ ಏನೇನು ಬೇಕು ಎಂಬುದನ್ನು ಗಂಡಹೆಂಡಿರು ಬೇರೆಬೇರೆಯಾಗಿ ಕುಳಿತು ಪಟ್ಟಿ ಮಾಡಿದರು. ಬಳಿಕ ಆ ಎಲ್ಲವನ್ನೂ ಕ್ರಿಸ್ತನಿಗೆ ಒಪ್ಪಿಸಿ, ಇನ್ನು ಮುಂದೆ ತಾವು ಆತನ ದಾಸರೆಂದು ಬರೆದು ಸಹಿ ಹಾಕಿದರು. ವ್ಯಾಪಾರಿಗೆ ಒಪ್ಪಂದಪತ್ರದ ಭಾಷೆ ಸಹಜವಾದದ್ದು. ಅದು ನಮ್ಮ ಕಿವಿಗೆ ಒರಟಾಗಿ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅದರೊಳಗಿನ ತಿರುಳು ನಮಗೆ ಅಪರಿಚಿತವಲ್ಲ. ರೋಮನರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲಿ ಪೌಲರು ತಮ್ಮನ್ನು ಕ್ರಿಸ್ತಯೇಸುವಿನ ದಾಸನೆಂದೇ ಕರೆದುಕೊಳ್ಳುತ್ತಾರೆ. ಸಂತ ಲೂಯಿ ದ ಮೊಂಫೋರ್ತರ ಸಮರ್ಪಣೆಯಲ್ಲಿಯೂ ಈ ದಾಸತ್ವವೇ ಇದೆ. ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳ ಕೊನೆಯಲ್ಲಿ ಬರುವ ಸಮರ್ಪಣಾ ಪ್ರಾರ್ಥನೆಯೂ ಸ್ಮೃತಿ, ಬುದ್ಧಿ, ಸಂಕಲ್ಪಗಳನ್ನು ಹೀಗೆಯೇ ಒಪ್ಪಿಸಿಬಿಡುತ್ತದೆ. ಬ್ರೈಟ್ ದಂಪತಿಯಲ್ಲಿ ವಿಶೇಷವೆಂದರೆ ಇದನ್ನು ಇಬ್ಬರೂ ಸೇರಿ ಮಾಡಿದರು. ನಮ್ಮ ಪರಂಪರೆಯಲ್ಲಿ ಸಮರ್ಪಣೆ ಎಂದೊಡನೆ ಏಕಾಂಗಿಯ ಚಿತ್ರ ಮೂಡುತ್ತದೆ. ಇಲ್ಲಿ ಅದು ದಾಂಪತ್ಯದ ಒಳಗಿನಿಂದಲೇ ಎದ್ದಿತು. ಕುಟುಂಬವನ್ನು ಗೃಹಸಭೆಯೆಂದು ಕರೆಯುವ 'ಲೂಮೆನ್ ಜೆಂಟಿಯುಮ್' ಪತ್ರದ 11ನೇ ಪರಿಚ್ಛೇದವನ್ನು ಇಂತಹ ಉದಾಹರಣೆಗಳ ಬೆಳಕಿನಲ್ಲಿ ಓದಿದರೆ ಅದರ ಅರ್ಥ ಇನ್ನಷ್ಟು ವಿಶಾಲವಾಗುತ್ತದೆ.

ಇದಾದ ಸ್ವಲ್ಪದರಲ್ಲೇ ಒಂದು ರಾತ್ರಿ, ಗ್ರೀಕ್ ಪರೀಕ್ಷೆಗೆ ಓದುತ್ತಿದ್ದಾಗ, ವಿದ್ಯಾರ್ಥಿಗಳಿಗೆ ಶುಭಸಂದೇಶವನ್ನು ಸಾರುವ ಕರೆ ತಮಗೆ ಬಂದಿತೆಂದು ಬಿಲ್ ಹೇಳುತ್ತಿದ್ದರು. ಫುಲ್ಲರಿನ ಪ್ರಾಧ್ಯಾಪಕ ವಿಲ್ಬರ್ ಸ್ಮಿತ್ ಆ ದರ್ಶನವನ್ನು ಕೇಳಿ, ಹೊಸ ಕಾರ್ಯಕ್ಕೆ ಹೆಸರನ್ನು ಸೂಚಿಸಿದರು. ಬಿಲ್ ಗುರುಮಠವನ್ನು ಅರ್ಧಕ್ಕೇ ಬಿಟ್ಟರು. (ಗ್ರೀಕ್ ಪರೀಕ್ಷೆಯ ಹಿಂದಿನ ರಾತ್ರಿ ಇಂತಹ ಕರೆ ನಮ್ಮ ವಿದ್ಯಾರ್ಥಿಗಳಿಗೂ ಆಗಾಗ ಕೇಳಿಬರುವುದುಂಟು; ಅವರೆಲ್ಲರ ವಿಷಯದಲ್ಲಿ ನಾವು ಇಷ್ಟು ಉದಾರರಾಗಿರಲಾರೆವು.)

ದಂಪತಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಮೀಪ ಬಾಡಿಗೆ ಮನೆ ಹಿಡಿದರು. ದಿನದ 24 ಗಂಟೆಯೂ ಸರದಿಯಂತೆ ಪ್ರಾರ್ಥಿಸುವ ಸರಪಳಿಯನ್ನು ಏರ್ಪಡಿಸಿದ ಬಳಿಕ ವಿದ್ಯಾರ್ಥಿ ನಿಲಯಗಳಿಗೆ ಹೋಗಿ ಮಾತನಾಡತೊಡಗಿದರು. ಮೊದಲ ವರ್ಷಗಳಲ್ಲಿ ಪ್ರಭಾವಿತರಾದವರಲ್ಲಿ ಫುಟ್‌ಬಾಲ್ ತಾರೆ ಡಾನ್ ಮೂಮಾ ಒಬ್ಬರು. ಆತ ಮುಂದೆ ಪ್ರೆಸ್ಬಿಟೇರಿಯನ್ ಪಾಲಕರಾದರು. 1960ರ ಒಲಿಂಪಿಕ್ಸ್‌ನಲ್ಲಿ ಡೆಕಾಥ್ಲಾನ್ ಚಿನ್ನ ಗೆದ್ದ ರೇಫರ್ ಜಾನ್ಸನ್ ಇನ್ನೊಬ್ಬರು. ಆವರಣದ ನಾಯಕರನ್ನೂ ಕ್ರೀಡಾಪಟುಗಳನ್ನೂ ಮೊದಲು ಗೆಲ್ಲುವುದು ಬಿಲ್ ಅವರ ಉದ್ದೇಶಪೂರ್ವಕ ಕ್ರಮವಾಗಿತ್ತು. ಇದರಲ್ಲಿ ವ್ಯಾಪಾರಿಯ ಲೆಕ್ಕಾಚಾರ ಇತ್ತೆಂಬುದನ್ನು ಅಲ್ಲಗಳೆಯಲಾಗದು, ಮತ್ತು ಬಡವರಿಗೆ ಮೊದಲು ಸಾರಲ್ಪಡುವ ಶುಭಸಂದೇಶದ ಮಾದರಿಯೊಡನೆ ಇದು ಸುಲಭವಾಗಿ ಹೊಂದುವುದಿಲ್ಲ.

1953ರಿಂದ ಸುಮಾರು ಹತ್ತು ವರ್ಷ ಅವರು ಮಿಯರ್ಸ್ ಅವರೊಡನೆ ಒಂದೇ ಮನೆಯಲ್ಲಿ ವಾಸಿಸಿದರು. ವಿದ್ಯಾರ್ಥಿಗಳ ಸಭೆಗಳು ಅಲ್ಲಿಯೇ ನಡೆಯುತ್ತಿದ್ದವು. ಇಬ್ಬರು ಮಕ್ಕಳ ತಾಯಿಯಾಗಿದ್ದ ವೋನೆಟ್‌ಗೆ ಸ್ವಂತ ಮನೆಯ ಏಕಾಂತವೆಂಬುದು ಇರಲಿಲ್ಲ. ಸಂಘಟನೆಯ ಇತಿಹಾಸದಲ್ಲಿ ಬಿಲ್ ಅವರ ಭಾಷಣಗಳು ಮುಂದೆ ಕಾಣಿಸುತ್ತವೆ. ಬಂದವರಿಗೆ ಬಾಗಿಲು ತೆರೆದು, ವಿದ್ಯಾರ್ಥಿನಿಯರ ಮಾತಿಗೆ ಕಿವಿಗೊಟ್ಟವರ ಹೆಸರು ಹಿಂದೆ ಸರಿಯುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಸಂಘಟನೆಯ ಸೇವಕರು ತಮ್ಮ ಜೀವನಾಧಾರಕ್ಕೆ ಬೇಕಾದ ಹಣವನ್ನು ದಾನಿಗಳಿಂದ ತಾವೇ ಕೂಡಿಸಿಕೊಳ್ಳಬೇಕು ಎಂಬ ನಿಯಮವಿತ್ತು. ಸ್ಥಾಪಕ ದಂಪತಿಯೂ ಸಾಧಾರಣ ವೇತನದಲ್ಲೇ ಬದುಕಿದರು. 1996ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಬಂದಾಗ ಹತ್ತು ಲಕ್ಷ ಡಾಲರಿಗೂ ಮೀರಿದ ಆ ಮೊತ್ತವನ್ನು ಬಿಲ್ ಉಪವಾಸ ಮತ್ತು ಪ್ರಾರ್ಥನೆಯ ಪ್ರಸಾರಕ್ಕೆ ಮೀಸಲಿಟ್ಟರು.

ಈಗ ಅವರ ವಿಧಾನದ ವಿಷಯ. 1950ರ ದಶಕದ ಉತ್ತರಾರ್ಧದಲ್ಲಿ ಬಿಲ್, ಹೊಸ ಸೇವಕರಿಗೆ ನೆರವಾಗಲೆಂದು ಶುಭಸಂದೇಶದ ಸಾರವನ್ನು ಸಂಕ್ಷಿಪ್ತ ಭಾಷಣವಾಗಿ ಬರೆದರು. ಅದನ್ನೇ ಇನ್ನಷ್ಟು ಇಳಿಸಿ 1965ರಲ್ಲಿ 'ನಾಲ್ಕು ಆತ್ಮಿಕ ನಿಯಮಗಳು' ಎಂಬ ಕಿರುಪುಸ್ತಿಕೆಯಾಗಿ ಮುದ್ರಿಸಲಾಯಿತು. ದೇವರ ಪ್ರೀತಿ, ಮನುಷ್ಯನ ಪಾಪ, ಕ್ರಿಸ್ತನ ಬಲಿ, ವ್ಯಕ್ತಿಯ ಸ್ವೀಕಾರ ಎಂಬುದು ಅದರ ಕ್ರಮ. ಮೊದಲ ಕರಡಿನಲ್ಲಿ ಪಾಪವೇ ಮೊದಲನೆಯದಾಗಿತ್ತು. ದೇವರ ಪ್ರೀತಿಯನ್ನು ಮೊದಲು ಇಡಬೇಕೆಂದು ಬಿಲ್ ಕ್ರಮವನ್ನು ಬದಲಿಸಿದಾಗ ಸಹಸೇವಕರಲ್ಲಿ ಕೆಲವರು ಕಳವಳಗೊಂಡರು. ಈ ಬದಲಾವಣೆ ನಮಗೆ ಅತ್ಯಂತ ಮುಖ್ಯವಾಗಿ ತೋರುತ್ತದೆ. 'ಎವಾಂಜೆಲೀ ಗೌದಿಯುಮ್' ಪ್ರಬೋಧನೆಯ 164ನೇ ಪರಿಚ್ಛೇದದಲ್ಲಿ ಜಗದ್ಗುರು ಫ್ರಾನ್ಸಿಸರು ಮೂಲ ಸಾರೋಣದ ಬಗ್ಗೆ ಹೇಳುವಾಗ, ಯೇಸು ನಿನ್ನನ್ನು ಪ್ರೀತಿಸುತ್ತಾನೆ ಎಂಬುದನ್ನೇ ಮೊದಲು ಇಡುತ್ತಾರೆ. ಅದು ಒಮ್ಮೆ ಹೇಳಿ ಮರೆಯುವ ಮೊದಲ ಪಾಠವಲ್ಲ, ಮತ್ತೆ ಮತ್ತೆ ಕೇಳಬೇಕಾದ ಪ್ರಧಾನ ಪಾಠವೆಂಬುದು ಅವರ ವಿವರಣೆ. ಕಿರುಪುಸ್ತಿಕೆಯನ್ನು ನೋಡಿ ನಗುವ ಗುರುಗಳು, ತಮ್ಮ ಪ್ರಬೋಧನೆಗಳು ಯಾವ ಮಾತಿನಿಂದ ಆರಂಭವಾಗುತ್ತವೆ ಎಂದು ಒಮ್ಮೆ ನೋಡಿಕೊಳ್ಳಲಿ.

ಆದರೆ ಕೊರತೆಯೂ ಇಲ್ಲಿಯೇ ಇದೆ. ನಾಲ್ಕನೆಯ ನಿಯಮ ವ್ಯಕ್ತಿಯಲ್ಲಿ ಬಂದು ನಿಲ್ಲುತ್ತದೆ. ಧರ್ಮಸಭೆಯ ಮಾತು ಪುಸ್ತಿಕೆಯ ಕೊನೆಯಲ್ಲಿ, ನಂಬಿದವನಿಗೆ ನೀಡುವ ಸಲಹೆಯ ರೂಪದಲ್ಲಿ ಮಾತ್ರ ಬರುತ್ತದೆ: ಒಟ್ಟಿಗಿದ್ದರೆ ಉರಿಯುವ ಕೊರಡು ಒಂಟಿಯಾದರೆ ಆರುತ್ತದೆ, ಆದ್ದರಿಂದ ಒಳ್ಳೆಯ ಸಭೆಯೊಂದನ್ನು ಸೇರು ಎಂದು. ಇಲ್ಲಿ ಸಭೆಯು ವಿಶ್ವಾಸವನ್ನು ಬೆಚ್ಚಗಿಡುವ ಸಾಧನ. ನಾವು ಸೇರಿಸಲ್ಪಡುವ ಕ್ರಿಸ್ತನ ದೇಹವಲ್ಲ. ದೀಕ್ಷಾಸ್ನಾನ, ಪರಮಪ್ರಸಾದಗಳಿಗೆ ಸ್ಥಳವಿಲ್ಲ. ನ್ಯಾಯವಾಗಿ ಹೇಳುವುದಾದರೆ, ಬ್ರೈಟ್ ದಂಪತಿ ತಮ್ಮ ಸಂಘಟನೆಯನ್ನು ಸಭೆಯೆಂದು ಎಂದೂ ಕರೆಯಲಿಲ್ಲ. ಎಲ್ಲ ಪಂಗಡಗಳೊಡನೆ ದುಡಿಯುವುದಕ್ಕಾಗಿ ವಿವಾದದ ವಿಷಯಗಳನ್ನು ಬದಿಗಿಟ್ಟರು. ಹಾಗೆ ಬದಿಗಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. 1975ರ 'ಎವಾಂಜೆಲೀ ನುನ್ಸಿಯಾಂದಿ' ಪತ್ರದ 23ನೇ ಪರಿಚ್ಛೇದದಲ್ಲಿ ಜಗದ್ಗುರು ಆರನೆಯ ಪೌಲರು, ಹೃದಯದಲ್ಲಿ ಸ್ವೀಕರಿಸಿದ್ದು ವಿಶ್ವಾಸಿಗಳ ಸಮುದಾಯಕ್ಕೆ ಕಾಣುವಂತೆ ಪ್ರವೇಶಿಸುವುದರಲ್ಲಿ ವ್ಯಕ್ತವಾಗಬೇಕೆಂದು ಬೋಧಿಸುತ್ತಾರೆ.

ಈ ಪ್ರಶ್ನೆ ಹೊರಗಿನವರದಷ್ಟೇ ಆಗಿರಲಿಲ್ಲ. 1967ರಲ್ಲಿ ವಿದ್ಯಾರ್ಥಿ ಚಳವಳಿಯಿಂದ ಕುದಿಯುತ್ತಿದ್ದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ನೂರಾರು ಸೇವಕರೊಡನೆ ಬೃಹತ್ ಸುವಾರ್ತಾ ಕಾರ್ಯ ನಡೆಯಿತು. ಮರುವರ್ಷವೇ ಸಂಘಟನೆಯ ಪ್ರಮುಖ ನಾಯಕರಾಗಿದ್ದ ಜಾನ್ ಬ್ರೌನ್, ಪೀಟರ್ ಗಿಲ್‌ಕ್ವಿಸ್ಟ್ ಮೊದಲಾದವರು ಹೊರನಡೆದರು. ವಿದ್ಯಾರ್ಥಿಗಳನ್ನು ಕ್ರಿಸ್ತನ ಬಳಿಗೆ ತರುತ್ತಿದ್ದೇವೆ, ಆದರೆ ಹೊಸ ಒಡಂಬಡಿಕೆಯ ಆ ಸಭೆ ಎಲ್ಲಿದೆ ಎಂಬ ಹುಡುಕಾಟ ಅವರನ್ನು ಆದಿ ಪಿತೃಗಳ ಬರಹಗಳತ್ತ, ಉಪಾಸನೆಯತ್ತ, ಧರ್ಮಾಧ್ಯಕ್ಷ ಪದವಿಯತ್ತ ಕರೆದೊಯ್ಯಿತು. 1987ರಲ್ಲಿ ಅವರೂ ಅವರ ಅನುಯಾಯಿಗಳೂ ಸೇರಿ ಸುಮಾರು 2,000 ಮಂದಿ ಅಂತಿಯೋಕ್ಯದ ಆರ್ಥೊಡಾಕ್ಸ್ ಸಭೆಯನ್ನು ಪ್ರವೇಶಿಸಿದರು. ಧರ್ಮಸಭಾಶಾಸ್ತ್ರವನ್ನು ಬೋಧಿಸುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ದೊರೆತಿಲ್ಲ.

ಬಿಲ್ ತಮ್ಮ ದಾರಿಯಲ್ಲಿ ಮುಂದುವರಿದರು. 1972ರ ಡಲ್ಲಾಸ್ ಸಮಾವೇಶಕ್ಕೆ ಸುಮಾರು 80,000 ಯುವಜನರು ಬಂದರು. ವೋನೆಟ್ ಪ್ರಾರ್ಥನೆಯ ಆಂದೋಲನವನ್ನು ಕಟ್ಟಿದರು; ಅಮೆರಿಕೆಯ ರಾಷ್ಟ್ರೀಯ ಪ್ರಾರ್ಥನಾ ದಿನವನ್ನು ಮೇ ತಿಂಗಳ ಮೊದಲ ಗುರುವಾರಕ್ಕೆ ನಿಗದಿಪಡಿಸಿದ 1988ರ ಕಾನೂನಿನ ಹಿಂದೆ ಅವರ ಪರಿಶ್ರಮವಿತ್ತು. 1994ರಲ್ಲಿ ಸುವಾರ್ತಾ ಪರಂಪರೆಯವರೂ ಕಥೋಲಿಕರೂ ಸೇರಿ ಪ್ರಕಟಿಸಿದ ಜಂಟಿ ಹೇಳಿಕೆಗೆ ಬಿಲ್ ಸಹಿ ಹಾಕಿದರು. ಆ ಹೇಳಿಕೆಗೆ ಅವರದೇ ವಲಯದಲ್ಲಿ ಕಟುವಾದ ವಿರೋಧ ಬಂದಿತು. ಬಿಲ್ 2003ರ ಜುಲೈ 19ರಂದು, ವೋನೆಟ್ 2015ರ ಡಿಸೆಂಬರ್ 23ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಕಥೋಲಿಕರು ಈ ವಿಧಾನವನ್ನು ಬಳಸಬಹುದೇ ಎಂಬುದಕ್ಕೆ ಪೋಲೆಂಡಿನ ಗುರು ಫ್ರಾನ್ಸಿಶೆಕ್ ಬ್ಲಾಹ್ನಿಟ್ಸ್ಕಿ ಉತ್ತರ ಕೊಟ್ಟಿದ್ದಾರೆ. ಆಶ್‌ವಿಟ್ಸ್‌ನಲ್ಲಿ ಸೆರೆಯಲ್ಲಿದ್ದು, ಬಳಿಕ ಮರಣದಂಡನೆಗೆ ಗುರಿಯಾಗಿ ಉಳಿದು ಬಂದ ಅವರು 'ಬೆಳಕು–ಬದುಕು' ಚಳವಳಿಯ ಸ್ಥಾಪಕರು. ಕಮ್ಯೂನಿಸ್ಟ್ ಆಡಳಿತದ ನಡುವೆ, 1970ರ ದಶಕದಲ್ಲಿ, ಅವರು ಕ್ಯಾಂಪಸ್ ಕ್ರುಸೇಡ್‌ನೊಡನೆ ಸಹಕರಿಸಿ ಅದರ ನಾಲ್ಕು ನಿಯಮಗಳನ್ನು ತಮ್ಮ ಯುವಜನರಿಗಾಗಿ ಅಳವಡಿಸಿಕೊಂಡರು. ಆದರೆ ಅವುಗಳನ್ನು ಇಟ್ಟದ್ದು ಬಾಗಿಲಿನಲ್ಲಿ ಮಾತ್ರ. ಬೇಸಿಗೆಯ ಮೊದಲ ಶಿಬಿರದಲ್ಲಿ ಯುವಕನು ಕ್ರಿಸ್ತನನ್ನು ವೈಯಕ್ತಿಕವಾಗಿ ಸ್ವೀಕರಿಸುತ್ತಾನೆ. ಮುಂದಿನ ಹಂತದ ಶಿಬಿರದಲ್ಲಿ ವಿಮೋಚನಾಕಾಂಡವನ್ನು ಓದುತ್ತಾ ಉಪಾಸನೆ ಹಾಗೂ ಸಂಸ್ಕಾರಗಳ ಜೀವನವನ್ನು ಪ್ರವೇಶಿಸುತ್ತಾನೆ. ಮೂರನೆಯ ಹಂತದ ವಿಷಯ ಧರ್ಮಸಭೆಯ ರಹಸ್ಯ. ನಡುವಿನ ತಿಂಗಳುಗಳಲ್ಲಿ ಅವನು ತನ್ನ ಧರ್ಮಕೇಂದ್ರದ ಸಣ್ಣ ಗುಂಪಿನಲ್ಲಿರುತ್ತಾನೆ. ಗುರುವೂ ಆ ಗುಂಪುಗಳ ಜೊತೆಗಿರುತ್ತಾರೆ. ಕಾಲಕ್ರಮೇಣ ವಿವಾಹಿತ ದಂಪತಿಗಳಿಗೂ ಪ್ರತ್ಯೇಕ ಗುಂಪುಗಳು ಆ ಚಳವಳಿಯಲ್ಲಿಯೇ ಹುಟ್ಟಿಕೊಂಡವು.