ತನ್ನೊಡನೆ ತಾನೇ ಕಟ್ಟಿದ ಪಂಥ

ಇತರರೊಡನೆ ಪಂಥ ಕಟ್ಟುವುದು ಸುಲಭ. ಸೋತರೆ ನಗುವವರಿರುತ್ತಾರೆ, ಗೆದ್ದರೆ ಚಪ್ಪಾಳೆ ತಟ್ಟುವವರಿರುತ್ತಾರೆ. ಆ ಭಯವೂ ಆಸೆಯೂ ಸೇರಿ ನಮ್ಮನ್ನು ಓಡಿಸುತ್ತವೆ. ನೋಡುವವರು ಯಾರೂ ಇಲ್ಲದ ಮುಂಜಾನೆಯಲ್ಲಿ ಹೊದಿಕೆಯನ್ನು ಸರಿಸಿ ಏಳುವುದು ಬೇರೆಯೇ ಮಾತು. ವ್ಯಾಯಾಮವನ್ನು ಪ್ರಾರಂಭಿಸಿದವರು ಅನೇಕರು. ಮೂರು ತಿಂಗಳ ಅನಂತರವೂ ಮಾಡುತ್ತಿರುವವರು ವಿರಳ. ನಡುವೆ ಕೈಬಿಡುವವರನ್ನು ಹಿರಿಯರು ಆರಂಭಶೂರರೆಂದು ಕರೆದರು. ನಾನೂ ಆ ಸಾಲಿನಲ್ಲಿ ನಿಂತವನೇ ಆದುದರಿಂದ ಈ ವಿಷಯವಾಗಿ ಬರೆಯಲು ನನಗೆ ತಕ್ಕಮಟ್ಟಿನ ಅಧಿಕಾರವಿದೆ.

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷವೇ ನನಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ನಡೆಯದಿದ್ದರೆ ಕಾಲು, ಕಣ್ಣು, ಮೂತ್ರಪಿಂಡಗಳಿಗೆ ಅಪಾಯ ಬಂದೀತೆಂದು ವೈದ್ಯರು ಎಚ್ಚರಿಸಿದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂದು ಎಲ್ಲಿಯೋ ಕೇಳಿದ್ದೆ. ಮರುದಿನವೇ ವಸಂತಪುರದ ಮನೆಯಿಂದ ಹೊರಟು ತುರಹಳ್ಳಿ ಕಾಡಿನ ಬಂಡೆಗಳವರೆಗೆ ವೀರನಂತೆ ನಡೆದೆ. ನಾಲ್ಕನೆಯ ದಿನ ಮೊಣಕಾಲು ಊದಿತು. ಮುಂದಿನ ಒಂದು ತಿಂಗಳು ನಾನು ನಡೆದುದು ಅಡುಗೆಮನೆಗೂ ಜಗಲಿಗೂ ನಡುವೆ ಮಾತ್ರ.

ಹತ್ತು ಸಾವಿರವೆಂಬ ಆ ಸಂಖ್ಯೆ ಹುಟ್ಟಿದ ಬಗೆಯನ್ನು ಅನಂತರ ತಿಳಿದಾಗ ನಗು ಬಂದಿತು. 1964ರಲ್ಲಿ ಟೋಕಿಯೊ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅದರ ಮರುವರ್ಷ ಜಪಾನಿನ ಒಂದು ಕಂಪನಿಯು ಹೆಜ್ಜೆಗಳನ್ನು ಎಣಿಸುವ ಚಿಕ್ಕ ಯಂತ್ರವನ್ನು ಮಾರಾಟಕ್ಕೆ ತಂದು ಅದಕ್ಕೆ 'ಮಾಂಪೊ-ಕೇ', ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಆ ಸಂಖ್ಯೆ ಮೊದಲು ಪ್ರಯೋಗಶಾಲೆಯಿಂದ ಬಂದುದಲ್ಲ, ಅಂಗಡಿಯಿಂದ ಬಂದುದು! ವಯಸ್ಸಾದ ಮಹಿಳೆಯರನ್ನು ಕುರಿತು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ಹೇಳಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇದ್ದಿತು. 7,500ರ ಸುಮಾರಿನಿಂದಾಚೆಗೆ ಹೆಚ್ಚಿನ ಲಾಭ ಕಂಡುಬರಲಿಲ್ಲ.

ನಮ್ಮ ಗರಡಿಮನೆಗಳ ಉಸ್ತಾದರು ಇದನ್ನು ಅನುಭವದಿಂದಲೇ ಅರಿತಿದ್ದರು. ಹೊಸದಾಗಿ ಬಂದ ಹುಡುಗನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಯಿಸುತ್ತಿರಲಿಲ್ಲ. ಇಂದು ಹತ್ತು, ಕೆಲವು ದಿನಗಳ ಮೇಲೆ ಹನ್ನೆರಡು, ಹೀಗೆ ಏರಿಸುತ್ತಿದ್ದರು. ಇದಕ್ಕೆ ಕಾರಣವು ದೇಹದ ರಚನೆಯಲ್ಲಿಯೇ ಇದೆ. ರೂಢಿಗಿಂತ ಸ್ವಲ್ಪ ಹೆಚ್ಚು ಶ್ರಮ ಬಿದ್ದಾಗ ಸ್ನಾಯುವಿನ ಎಳೆಗಳು ದಣಿಯುತ್ತವೆ. ಆಹಾರ ಮತ್ತು ನಿದ್ರೆ ದೊರೆತಾಗ ಮೊದಲಿಗಿಂತ ಬಲವಾಗಿ ಬೆಳೆಯುತ್ತವೆ. ಎಂದರೆ ಬಲವು ಹೆಚ್ಚುವುದು ಶ್ರಮದ ವೇಳೆಯಲ್ಲಲ್ಲ, ವಿಶ್ರಾಂತಿಯ ವೇಳೆಯಲ್ಲಿ. ಹೃದಯವೂ ಒಂದು ಸ್ನಾಯುವೇ. ಅದು ಬಲಗೊಂಡಂತೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವುದರಿಂದ, ಸುಮ್ಮನೆ ಕುಳಿತಿರುವಾಗ ನಾಡಿಯ ಬಡಿತ ಇಳಿಯುತ್ತದೆ. ನಾಳೆ ಬೆಳಗ್ಗೆ ಎದ್ದೊಡನೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಎಣಿಸಿ ಬರೆದಿಡಿರಿ. ಎರಡು ತಿಂಗಳು ನಿತ್ಯವೂ ಓಡಿ ಅಥವಾ ಹಗ್ಗ ಜಿಗಿದು ಮತ್ತೆ ಎಣಿಸಿರಿ. ಇದಕ್ಕೆ ಯಾವ ಯಂತ್ರವೂ ಬೇಡ.

ನೋಡುವವರಿಲ್ಲದೆ ಸಾಧನೆ ಸಾಗುವುದು ಹೇಗೆಂದು ಯೋಚಿಸುವಾಗ ನನಗೆ ಕೆ.ವಿ. ಅಯ್ಯರ್ ಅವರು ನೆನಪಾಗುತ್ತಾರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಅಯ್ಯರ್ ಅವರೇ ಬೆಂಗಳೂರಿನ ಹೆಸರಾಂತ ವ್ಯಾಯಾಮಶಾಲೆಯೊಂದರ ಗುರುಗಳೂ ಆಗಿದ್ದರು. ನಾಟಕಕಾರ ಕೈಲಾಸಂ ಅವರ ಆಪ್ತರು. ಲೇಖನಿ ಹಿಡಿದ ಕೈಗೆ ಕಬ್ಬಿಣದ ಗುಂಡು ಒಗ್ಗದೆಂಬ ಮಾತನ್ನು ಅವರ ಬಾಳು ಸುಳ್ಳು ಮಾಡಿತು. ಅವರು ದೂರದೂರುಗಳಿಗೆ ಅಂಚೆಯ ಮೂಲಕವೂ ವ್ಯಾಯಾಮ ಪಾಠಗಳನ್ನು ಕಳುಹಿಸುತ್ತಿದ್ದರು. ಲಕೋಟೆಯಲ್ಲಿ ಬಂದ ಪಾಠವನ್ನು ಒಡೆದು ಓದಿದ ಆ ಶಿಷ್ಯನನ್ನು ಊಹಿಸಿಕೊಳ್ಳಿರಿ. ಗದರಿಸುವ ಗುರು ಎದುರಿಗಿಲ್ಲ, ಜೊತೆಗಾರರೂ ಇಲ್ಲ. ನಿನ್ನೆಯ ತನ್ನನ್ನು ಇಂದು ಮೀರಿದೆನೇ ಎಂಬುದೊಂದೇ ಅವನ ಮುಂದಿದ್ದ ಪ್ರಶ್ನೆ.

ಮೊಣಕಾಲು ಗುಣವಾದ ಮೇಲೆ ನಾನೂ ಆ ಶಿಷ್ಯನ ದಾರಿಯನ್ನೇ ಹಿಡಿದೆ. ನಮ್ಮ ಬಡಾವಣೆಯ ಗುಡ್ಡದ ಮೇಲೆ ವಸಂತ ವಲ್ಲಭರಾಯಸ್ವಾಮಿಯ ಹಳೆಯ ದೇವಾಲಯವಿದೆ. ಗುಡ್ಡದ ಬುಡದವರೆಗೆ ಹೋಗಿ ಬರುವುದಷ್ಟೇ ನನ್ನ ಮೊದಲ ಪಂಥ. 'ಹತ್ತು ಸೇರು ತೂಕ ಇಳಿಸುತ್ತೇನೆ' ಎಂದು ಪಣ ತೊಟ್ಟಿದ್ದರೆ ಸೋಲು ಖಂಡಿತವಾಗಿತ್ತು. ತೂಕ ನನ್ನ ಮಾತು ಕೇಳುವುದಿಲ್ಲ, ಕಾಲು ಕೇಳುತ್ತದೆ. ನಡೆದ ದಿನ ಕ್ಯಾಲೆಂಡರಿನ ಚೌಕದಲ್ಲಿ ಸೀಸದಕಡ್ಡಿಯಿಂದ ಒಂದು ಗೆರೆ ಎಳೆಯುತ್ತಿದ್ದೆ. ತಪ್ಪಿದ ದಿನದ ಸಾಲವನ್ನು ಮರುದಿನ ಎರಡರಷ್ಟು ನಡೆದು ತೀರಿಸಬಾರದೆಂಬ ನಿಯಮವನ್ನೂ ಮಾಡಿಕೊಂಡೆ. ಊದಿದ ಮೊಣಕಾಲು ಕಲಿಸಿದ ಪಾಠವದು. ಎರಡನೆಯ ತಿಂಗಳು ಗುಡ್ಡದ ಅರ್ಧಕ್ಕೆ ಹತ್ತಿದೆ. ನಾಲ್ಕನೆಯ ತಿಂಗಳು ನಡುವೆ ಕೂರದೆ ದೇವಾಲಯದ ಬಾಗಿಲು ತಲುಪಿದೆ. ಆರಂಭದಲ್ಲಿ 86 ಇದ್ದ ನನ್ನ ನಾಡಿ ಈಗ 74ಕ್ಕೆ ಇಳಿದಿದೆ.

ಈ ತಿಂಗಳ ಪುಟದಲ್ಲಿ ಮೂರು ಚೌಕಗಳು ಖಾಲಿ ಉಳಿದಿವೆ. ಎರಡು ಮಳೆಯಿಂದಾದುವು, ಮೂರನೆಯದು ಬರಿಯ ಸೋಮಾರಿತನದಿಂದ.