ಹುಳು ಕಳಿಸಿದೆ, ಊರಿನ ಹೆಸರು ಬರೆಯಲಿಲ್ಲ

ಪಾಂಡವಪುರದ ಹತ್ತಿರ ಇರುವ ನಮ್ಮ ಗದ್ದೆಯಲ್ಲಿ ಆಗಸ್ಟ್ ಹೊತ್ತಿಗೆ ಕಬ್ಬು ಹಳದಿ ತಿರುಗಿತು. ನೀರು ಸಾಲದೇನೋ ಅಂತ ಅಪ್ಪ ಎರಡು ಸಲ ಹಾಯಿಸಿದರು. ಆಮೇಲೆ ಒಂದು ಬುಡ ಹಿಡಿದು ಎಳೆದರೆ ಸಲೀಸಾಗಿ ಕೈಗೇ ಬಂತು. ಬೇರೇ ಇರಲಿಲ್ಲ. ಕೆಳಗೆ ಮಣ್ಣಲ್ಲಿ ಬೆಳ್ಳಗೆ ಮುದುರಿಕೊಂಡಿದ್ದವು ಗೊಣ್ಣೆ ಹುಳುಗಳು.

ವಾರದ ರಜೆಗೆ ಊರಿಗೆ ಹೋಗಿದ್ದ ನಾನು ಫೋಟೊ ತೆಗೆದು ಪರಿಚಯದ ಕೀಟತಜ್ಞರೊಬ್ಬರಿಗೆ ವಾಟ್ಸಾಪ್ ಮಾಡಿದೆ. “ಗೊಣ್ಣೆ ಹುಳದಲ್ಲಿ ಬೇಕಾದಷ್ಟು ಜಾತಿ ಇವೆ. ಫೋಟೊ ನೋಡಿ ಹೇಳಕ್ಕಾಗಲ್ಲ, ಹುಳು ಕಳಿಸಿ” ಅಂದರು.

ನನಗೆ ಉಮೇದು ಹೆಚ್ಚಾಯಿತು. ನಾಗಮಂಗಲದ ಚಿಕ್ಕಮ್ಮನ ತಿಪ್ಪೆ, ಕೆ.ಆರ್. ಪೇಟೆಯ ಗೆಳೆಯನ ತೆಂಗಿನ ತೋಟ, ಶ್ರೀರಂಗಪಟ್ಟಣದ ಭಾವನ ಕಬ್ಬಿನ ಗದ್ದೆ, ಎಲ್ಲವನ್ನೂ ಒಂದೇ ದಿನ ಬೈಕಲ್ಲಿ ಸುತ್ತಿದೆ. “ಬಾಚ್ಕೊಂಡೋಗು ಮಗಾ, ತಿಪ್ಪೆ ತುಂಬಾ ಅವೆ” ಅಂದರು ಚಿಕ್ಕಮ್ಮ. ಬಾಚಿಕೊಂಡೆ. ನಾಲ್ಕೂ ಊರಿನ ಹುಳುಗಳನ್ನು ಜೀವಂತವಾಗಿಯೇ ಒಂದೇ ಸ್ಯಾನಿಟೈಸರ್ ಬಾಟಲಿಗೆ ತುಂಬಿ, ಟೇಪ್ ಸುತ್ತಿ ಕಳಿಸಿಬಿಟ್ಟೆ. ಬೇಗ ಬೆಂಕಿ ಹತ್ತುವ ದ್ರವವನ್ನು ಅಂಚೆಗೆ ಹಾಕಬಾರದು ಅನ್ನೋದೂ ಆಗ ತಲೆಗೆ ಹೊಳೆಯಲಿಲ್ಲ.

ನಾಲ್ಕು ದಿನಕ್ಕೆ ಫೋನ್ ಬಂತು. “ಅರ್ಧ ಕಪ್ಪಾಗಿ ಕೊಳೆತಿವೆ. ಅದಿರಲಿ, ಇದರಲ್ಲಿ ಎರಡು ಥರದವು ಕಾಣ್ತಿವೆ. ಕಬ್ಬಿನದು ಯಾವುದು, ತಿಪ್ಪೆದು ಯಾವುದು?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಸಣ್ಣ ವಿಷಯವಲ್ಲ. ತಿಪ್ಪೆಯಲ್ಲಿ ಬೆಳೆಯುವ ದಪ್ಪ ಹುಳು ರೈನೋಸರಸ್ ದುಂಬಿಯ ಮರಿ ಆಗಿರಬಹುದು. ಅದು ಗೊಬ್ಬರ ತಿಂದು ಬೆಳೆದು, ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ಅದಕ್ಕೆ ತಿಪ್ಪೆಯನ್ನೇ ನೋಡಿಕೊಳ್ಳಬೇಕು. ಕಬ್ಬಿನ ಬೇರು ತಿನ್ನುವುದು ಬೇರೆ ಜಾತಿ, ಅದಕ್ಕೆ ಮದ್ದೂ ಬೇರೆ. ಅಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಕೂಳೆ ಬಿಡೋದೋ, ಕಿತ್ತಾಕೋದೋ?”

ಸೆಪ್ಟೆಂಬರಿನಲ್ಲಿ ಎರಡನೇ ಸಲ ಶುರು ಮಾಡಿದೆ, ಈ ಸಲ ಕೇಳಿಕೊಂಡು. ಹುಳುವನ್ನು ಮೊದಲು ಕುದಿಯುವಷ್ಟು ಬಿಸಿ ಇರುವ ನೀರಿಗೆ ಒಂದು ನಿಮಿಷ ಹಾಕಬೇಕು. ಇಲ್ಲದಿದ್ದರೆ ಆಲ್ಕೋಹಾಲ್‌ನಲ್ಲೂ ಒಳಗಿನಿಂದ ಕಪ್ಪಾಗುತ್ತದೆ. ಆಮೇಲೆ ಶೇ. 70-80ರ ಆಲ್ಕೋಹಾಲ್. ಹುಳುವಿನ ಮೈಯ ನೀರು ಬಿಟ್ಟು ಅದು ತೆಳ್ಳಗಾಗುವುದರಿಂದ ಮಾರನೇ ದಿನ ಹೊಸದು ಹಾಕಬೇಕು. ಡಿಎನ್‌ಎ ಪರೀಕ್ಷೆಗಾದರೆ ಕ್ರಮ ಬೇರೆ, ಮೊದಲೇ ಕೇಳಿಬಿಡಿ.

ಇಷ್ಟೆಲ್ಲ ಯಾಕೆಂದರೆ, ಗೊಣ್ಣೆ ಹುಳದ ಗುರುತು ಇರುವುದು ಅದರ ಹಿಂಭಾಗದಲ್ಲಿ. ಕೊನೆಯ ಖಂಡದ ಅಡಿಯಲ್ಲಿ ಸಣ್ಣ ಮುಳ್ಳುಗೂದಲು ಒಂದು ಕ್ರಮದಲ್ಲಿರುತ್ತವೆ, ಅದಕ್ಕೆ ರಾಸ್ಟರ್ ಅಂತಾರೆ. ಭೂತಗನ್ನಡಿ ಇಟ್ಟು ಓದಬೇಕಾದ ಸಹಿ ಅದು. ಹುಳು ಕೊಳೆತರೆ ಸಹಿಯೂ ಹೋಯಿತು.

ಇನ್ನು ಚೀಟಿ. ಊರು, ತಾಲ್ಲೂಕು, ಜಿಲ್ಲೆ, ತಾರೀಖು, ಯಾವ ಗಿಡ, ಹಿಡಿದವರು ಯಾರು, ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಬೇಕು. ಬಾಲ್‌ಪೆನ್ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ. ಊರಿಗೊಂದು ಟ್ಯೂಬ್. ಹುಳುವಿಗಿಂತ ಚೀಟಿ ಮುಖ್ಯ ಅಂತ ನನಗೀಗ ಅನ್ನಿಸುತ್ತೆ. ಚೀಟಿ ಇಲ್ಲದ ಹುಳು ಊರು ಕೇರಿ ಇಲ್ಲದ ಹೆಣದ ಥರ.

ಒದ್ದೆ ಟ್ಯೂಬುಗಳನ್ನು ನಾನೇ ಬೆಂಗಳೂರಿಗೆ ತೆಗೆದುಕೊಂಡು ಹೋಗಿ ಕೊಟ್ಟೆ. ರಾಸ್ಟರ್ ನೋಡಿ ಅಂದಾಜು ಹೇಳಿದರು, ಆದರೆ “ಖಚಿತವಾಗಬೇಕಾದ್ರೆ ಗಂಡು ದುಂಬಿ ಬೇಕು” ಅಂದರು. ಈ ಜಾತಿಗಳಲ್ಲಿ ಗಂಡಿನ ಜನನಾಂಗ ಬಿಡಿಸಿ ನೋಡಿಯೇ ತೀರ್ಮಾನ ಮಾಡೋದಂತೆ. ದುಂಬಿ ಮೇಲೆ ಬರೋದು ಏಪ್ರಿಲ್-ಮೇ ತಿಂಗಳ ಮೊದಲ ಮಳೆಗೆ. ಕಾದೆವು.

ಮಳೆ ಬಿದ್ದ ಸಂಜೆ ಗದ್ದೆ ಬದುವಿನ ಬೇವಿನ ಮರ ಗುಂಯ್ ಅಂತಿತ್ತು. ಕೊಂಬೆ ಅಲ್ಲಾಡಿಸಿದರೆ ದುಂಬಿಗಳು ಪಟಪಟ ಉದುರಿದವು. ಡಬ್ಬಿ ಫ್ರೀಜರಿಗೆ ಹೋಯಿತು. “ಐಸ್‌ಕ್ರೀಂ ಇಡೋ ಜಾಗದಲ್ಲಿ ಹುಳ ಇಡ್ತೀಯಲ್ಲೋ” ಅಂತ ಅಮ್ಮ ಎರಡು ದಿನ ಮಾತು ಬಿಟ್ಟರು. ಸತ್ತ ದುಂಬಿಗಳನ್ನು ನೆರಳಲ್ಲಿ ಒಣಗಿಸಿ, ಟಿಶ್ಯೂ ಪೇಪರಿನ ಪದರಗಳ ನಡುವೆ ಇಟ್ಟೆ. ಹತ್ತಿ ಬೇಡ, ಕಾಲು ಸಿಕ್ಕಿಕೊಂಡು ಮುರಿಯುತ್ತೆ. ಆ ಡಬ್ಬಿ ಇನ್ನೊಂದು ದೊಡ್ಡ ಡಬ್ಬಿಯೊಳಗೆ, ಮಧ್ಯೆ ಪೇಪರ್ ಉಂಡೆ. ಭಾನುವಾರ ಎಲ್ಲೂ ಕೊಳೆಯದಿರಲಿ ಅಂತ ಸೋಮವಾರವೇ ಸ್ಪೀಡ್‌ಪೋಸ್ಟ್.

“ಒಳಗೇನಿದೆ?” ಅಂದರು ಕೌಂಟರಿನವರು.

“ಒಣಗಿದ ದುಂಬಿ ಸಾರ್, ಪರೀಕ್ಷೆಗೆ.”

“ಜೀವ ಇಲ್ಲ ತಾನೆ?”

ಸ್ಯಾಂಪಲ್‌ಗೆ ಎಲ್ಲಿ ಬೇಕಾದರೂ ಕೈ ಹಾಕಬೇಡಿ. ರಂಗನತಿಟ್ಟು, ಮೇಲುಕೋಟೆ ಎರಡೂ ವನ್ಯಜೀವಿ ಧಾಮಗಳು. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಮಂಡ್ಯದವರಿಗೆ ವಿ.ಸಿ. ಫಾರಂ ಹತ್ತಿರ. ಬೆಂಗಳೂರಲ್ಲಿರುವವರಿಗೆ ಜಿಕೆವಿಕೆ ಇದೆ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಕಳಿಸುವ ಮುಂಚೆ ಒಂದು ಫೋನ್ ಮಾಡಿ. ವಿಚಿತ್ರ ಹುಳು ಕಂಡರಂತೂ ಉದಾಸೀನ ಬೇಡ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆ ಅಂತ 2018ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದ ಹೊಲಗಳಲ್ಲೇ.

ಹತ್ತು ದಿನಕ್ಕೆ ಮೆಸೇಜ್ ಬಂತು: ಹೊಲೊಟ್ರೈಕಿಯಾ ಸೆರೇಟಾ. ಕಬ್ಬಿನ ಹಳೇ ಶತ್ರು, ವರ್ಷಕ್ಕೊಂದೇ ತಲೆಮಾರು. ಹಾಗಾಗಿ ಮೊದಲ ಮಳೆಗೆ ಮರ ಅಲ್ಲಾಡಿಸಿ ದುಂಬಿ ಆರಿಸಿದರೆ ಆ ವರ್ಷದ ಮೊಟ್ಟೆಯೇ ಕಮ್ಮಿಯಾಗುತ್ತದೆ, ಗದ್ದೆಗೆ ನೀರು ಕಟ್ಟಿ ಭತ್ತ ಹಾಕಿದರೆ ಉಳಿದ ಹುಳುವಿಗೂ ಉಳಿಗಾಲವಿಲ್ಲ. ಅಪ್ಪ ಕೂಳೆ ಕಿತ್ತು ಭತ್ತ ನಾಟಿ ಮಾಡಿಸಿದರು. ಚಿಕ್ಕಮ್ಮನ ತಿಪ್ಪೆಯ ಟ್ಯೂಬಿಗೆ ಬೇರೆ ಉತ್ತರ ಬಂದಿತ್ತು, ನಾವು ಅಂದುಕೊಂಡಂತೆ ಅದು ರೈನೋಸರಸ್ ದುಂಬಿಯದೇ. ಆ ಭಾನುವಾರ ಗುದ್ದಲಿ ಹಿಡಿದು ನಾಗಮಂಗಲಕ್ಕೆ ಹೋಗಿ ತಿಪ್ಪೆ ಮಗುಚಿದ್ದೂ ನಾನೇ.