ಪಹಣಿ ಮತ್ತು ಹಂಚಿದ ದತ್ತಸಂಚಯ
ಆಳಂದ ತಾಲ್ಲೂಕಿನ ಸರಸಂಬಾದ ರೈತನಿಗೆ ಬೆಳೆಸಾಲಕ್ಕೂ ಹೊಲದ ಹಕ್ಕಿಗೂ ಪಹಣಿಯೇ ಆಧಾರ. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಮೊದಲಿಗೆ ದತ್ತಸಂಚಯವು ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದಿತು. ಬಳಿಕ ರಾಜ್ಯಮಟ್ಟದಲ್ಲಿ ಕೇಂದ್ರೀಕೃತವಾಯಿತು. ‘ಭೂಮಿ’ ಹಿಡಿಯದ ಮೂರನೆಯ ದಾರಿಯೊಂದುಂಟು. ಆರ್‌ಕ್ಯೂಲೈಟ್‌ನಂಥ ಹಗುರ ತಂತ್ರಾಂಶವನ್ನು ಮೂರು ಗಣಕಗಳಲ್ಲಿ ಸ್ಥಾಪಿಸಿದರೆ, ಎರಡು ಒಪ್ಪಿದ ಮೇಲಷ್ಟೇ ನಮೂದು ಊರ್ಜಿತವಾಗುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲದು. (ಎರಡೇ ಗಣಕಗಳಿದ್ದರೆ ಈ ಲಾಭವಿಲ್ಲ.) ನವೀಕರಣದ ವೇಳೆ ಮೊದಲು ದತ್ತಾಂಶದ ಪ್ರತಿ ತೆಗೆದಿಟ್ಟು, ಒಂದೊಂದೇ ಗಣಕವನ್ನು ನಿಲ್ಲಿಸಿ ಹೊಸ ಆವೃತ್ತಿಯನ್ನು ಅಳವಡಿಸಬೇಕು, ಅದು ಉಳಿದವುಗಳೊಡನೆ ಸಮವಾದ ಬಳಿಕವೇ ಮುಂದಿನದು. ಅವಸರದಿಂದ ಎರಡನ್ನು ಒಟ್ಟಿಗೆ ನಿಲ್ಲಿಸಿದರೆ ಬಹುಮತ ತಪ್ಪಿ, ಹಕ್ಕು ಬದಲಾವಣೆಯ ಒಂದು ನಮೂದೂ ದಾಖಲಾಗದು.